'ಓಕೆ ಕಂಪ್ಯೂಟರ್' ಮೂರು ಸಲ ಕೇಳಿದೆ, ತಲೆಗೆ ಹತ್ತಲಿಲ್ಲ. ತಪ್ಪು ನನ್ನದಾ?

ಹುಣಸೆಮರ:

ಮೊದಲೇ ಹೇಳಿಬಿಡುತ್ತೇನೆ, ನಾನು ರಾಕ್ ಕೇಳಿ ಬೆಳೆದವನಲ್ಲ. ಮನೆಯಲ್ಲಿ ಭಾವಗೀತೆ, ಹಳೆಯ ಸಿನಿಮಾ ಹಾಡು, ಬೆಳಗ್ಗೆ ಅಪ್ಪನ ಸುಪ್ರಭಾತ. ಅಷ್ಟೇ. ಎರಡು ತಿಂಗಳ ಹಿಂದೆ ಒಂದು ರೀಲ್ ನೋಡಿದೆ. ಯಾರೋ ಬಸ್ಸಿನ ಕಿಟಕಿಯಿಂದ ಮಳೆ ತೆಗೆದು ಹಾಕಿದ್ದರು, ಹಿಂದೆ ಒಂದು ಹಾಡು. ಇಪ್ಪತ್ತು ಸೆಕೆಂಡ್ ಇರಬಹುದು. ಗಂಟಲು ಕಟ್ಟಿಬಿಟ್ಟಿತು, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಹುಡುಕಿದಾಗ ಅದು ರೇಡಿಯೊಹೆಡ್ ಅನ್ನುವ ಇಂಗ್ಲೆಂಡಿನ ಬ್ಯಾಂಡ್‌ನ 'ಲೆಟ್ ಡೌನ್' ಅಂತ ಗೊತ್ತಾಯಿತು. 1997ರ 'ಓಕೆ ಕಂಪ್ಯೂಟರ್' ಆಲ್ಬಮ್‌ನದು. ಆಲ್ಬಮ್ ಬಗ್ಗೆ ಓದೋಣ ಅಂತ ಹೋದರೆ ಎಲ್ಲರೂ ಕೈ ಮುಗಿಯುವವರೇ.

ಸರಿ, ಪೂರ್ತಿ ಕೇಳೋಣ ಅಂದುಕೊಂಡೆ. ಸಂಜೆ ಮೆಟ್ರೋದಲ್ಲಿ ವೈಟ್‌ಫೀಲ್ಡ್‌ನಿಂದ ವಿಜಯನಗರಕ್ಕೆ ಬರುವಾಗ ಟೈಮ್ ಬೇಕಾದಷ್ಟು ಸಿಗುತ್ತದೆ. ಮೂರು ಸಲ ಆಯಿತು. ಆ ಒಂದು ಹಾಡು ಬಿಟ್ಟರೆ ಏನೂ ಹತ್ತಲಿಲ್ಲ. ಒಂದರಲ್ಲಿ ಮನುಷ್ಯ ಪಿಸುಗುಡುತ್ತಾನೆ ಅಂತ ವಾಲ್ಯೂಮ್ ಏರಿಸಿದೆ, ಸ್ವಲ್ಪ ಹೊತ್ತಿಗೆ ಕಿವಿ ಹರಿದುಹೋಗುವ ಹಾಗೆ ಸದ್ದು ಬಂತು, ನಾನು ಬೆಚ್ಚಿದ್ದಕ್ಕೆ ಪಕ್ಕದಲ್ಲಿದ್ದ ಅಜ್ಜಿಯೂ ಬೆಚ್ಚಿದರು. ಇನ್ನೊಂದರಲ್ಲಿ ಹಾಡೇ ಇಲ್ಲ, ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟ್ ಥರ ಯಂತ್ರವೊಂದು ಮಾತಾಡುತ್ತದೆ. ಪದಗಳಂತೂ, ಬಾಯಲ್ಲಿ ಅವರೆಕಾಳು ಇಟ್ಟುಕೊಂಡು ಹಾಡಿದ ಹಾಗಿದೆ.

ಇನ್ನೊಂದು ವಿಷಯ, ನಾನು ಕೇಳುವ ಆ್ಯಪ್‌ಗೆ ದುಡ್ಡು ಕಟ್ಟಿಲ್ಲ. ಹಾಗಾಗಿ ಅದು ತನಗೆ ತೋಚಿದ ಕ್ರಮದಲ್ಲಿ ಹಾಡು ಹಾಕುತ್ತದೆ, ಎರಡು ಹಾಡಿಗೊಂದು ಸಲ ಕುಕ್ಕರ್ ಜಾಹೀರಾತು ಬರುತ್ತದೆ. ಅದೇನೂ ದೊಡ್ಡ ವಿಷಯ ಅಲ್ಲ ಅಂದುಕೊಂಡಿದ್ದೇನೆ.

ಇದನ್ನು ಕೇಳುವುದಕ್ಕೆ ಏನಾದರೂ ರೀತಿ ಅಂತ ಇದೆಯಾ, ಇಲ್ಲ ಇದು ನನ್ನಂಥವನಿಗೆ ಅಲ್ಲವೇ ಅಲ್ವಾ? ಆಮೇಲೆ ಈ ಆಲ್ಟರ್ನೇಟಿವ್ ರಾಕ್ ಅಂತಾರಲ್ಲ, ಅದು ಯಾವುದಕ್ಕೆ ಆಲ್ಟರ್ನೇಟಿವ್?

ಬಿ_ಸೈಡ್:

ಕುಕ್ಕರ್ ಜಾಹೀರಾತು ದೊಡ್ಡ ವಿಷಯ ಅಲ್ಲವಾ! ಅಯ್ಯೋ ಮಾರಾಯ, ರೋಗ ಇರುವುದೇ ಅಲ್ಲಿ.

ಈ ಆಲ್ಬಮ್‌ನಲ್ಲಿ 12 ಹಾಡು, ಒಟ್ಟು 53 ನಿಮಿಷ. ಅದನ್ನು ಕಲೆಸಿ ಕೇಳುವುದು ಅಂದರೆ ಯಕ್ಷಗಾನ ಪ್ರಸಂಗದಲ್ಲಿ ಮೊದಲು ಮಂಗಳ ಹಾಡಿಸಿ ಆಮೇಲೆ ಯುದ್ಧ ನೋಡಿದ ಹಾಗೆ. ಒಂದು ಜಾಗ ಮಾತ್ರ ಹೇಳುತ್ತೇನೆ. ಆರನೆಯ ಹಾಡು 'ಕರ್ಮ ಪೊಲೀಸ್'. ಪಿಯಾನೊ ಇಟ್ಟುಕೊಂಡು ನೆಟ್ಟಗೆ ನಡೆಯುವ ಹಾಡು, ಯಾರು ಬೇಕಾದರೂ ಗುನುಗಬಹುದು. ಕೊನೆಯಲ್ಲಿ ಮಾತ್ರ ಬ್ಯಾಂಡ್‌ನ ಗಿಟಾರ್ ವಾದಕ ಎಡ್ ಓಬ್ರಯನ್, ನುಡಿಸಿದ್ದನ್ನೇ ಮತ್ತೆ ಮತ್ತೆ ಮರುದನಿಸುವ ಡಿಲೇ ಯಂತ್ರವನ್ನು ಅದರ ಪಾಡಿಗೆ ಅರಚುವುದಕ್ಕೆ ಬಿಡುತ್ತಾನೆ. ಆ ಸದ್ದು ಹಾಡನ್ನೇ ನುಂಗಿಬಿಡುತ್ತದೆ, ನುಂಗಿ ಕೆಳಕ್ಕೆ ಕೆಳಕ್ಕೆ ಇಳಿದು ಸತ್ತುಹೋಗುತ್ತದೆ. ಆಗ ಬರುವುದು ನಿಮ್ಮ ರೈಲ್ವೆ ಸ್ಟೇಷನ್, ಅಂದರೆ 'ಫಿಟರ್ ಹ್ಯಾಪಿಯರ್'. ಅದು ಆ ಕಾಲದ ಮ್ಯಾಕಿಂಟಾಷ್ ಕಂಪ್ಯೂಟರ್‌ನ ದನಿ. ಟೈಪ್ ಮಾಡಿದ್ದನ್ನು ಓದಿ ಹೇಳುತ್ತಿತ್ತು. ವ್ಯಾಯಾಮ ಮಾಡು, ಕುಡಿಯುವುದು ಕಡಿಮೆ ಮಾಡು, ಆಫೀಸಿನವರ ಜೊತೆ ಚೆನ್ನಾಗಿರು, ಹೀಗೆ ಒಂದೊಂದೇ ಬುದ್ಧಿಮಾತನ್ನು ಪ್ರಾಣವಿಲ್ಲದ ದನಿಯಲ್ಲಿ ಹೇಳುತ್ತಾ ಹೋಗುತ್ತದೆ. ಎರಡು ನಿಮಿಷವೂ ಇಲ್ಲ. ಎಲ್‌ಪಿಯಲ್ಲಿ ಎರಡನೆಯ ತಟ್ಟೆ ಶುರುವಾಗುವುದೇ ಇದರಿಂದ. ನಾನು ಹಾಸ್ಟೆಲ್‌ನಲ್ಲಿದ್ದಾಗ ಇದನ್ನು ಫಾಸ್ಟ್ ಫಾರ್ವರ್ಡ್ ಮಾಡುತ್ತಿದ್ದೆ. ಈಗ ನನ್ನ ಕೈಗಡಿಯಾರವೇ ಎದ್ದು ನಿಲ್ಲು, ನೀರು ಕುಡಿ ಅನ್ನುತ್ತದೆ. ಈಗ ಫಾರ್ವರ್ಡ್ ಮಾಡುವುದಿಲ್ಲ.

ಅದಾದ ಮೇಲೆ ಗಲಾಟೆಯ 'ಎಲೆಕ್ಷನಿಯರಿಂಗ್'. ಅದಾದ ಮೇಲೆ 'ಕ್ಲೈಂಬಿಂಗ್ ಅಪ್ ದ ವಾಲ್ಸ್'. ರಾತ್ರಿ ಒಬ್ಬರೇ ಇದ್ದಾಗ ಬೇಡ. ಹಾಡುವವನು ಥಾಮ್ ಯಾರ್ಕ್, ಹಿಂದೊಮ್ಮೆ ಮಾನಸಿಕ ಆಸ್ಪತ್ರೆಯಲ್ಲಿ ಸಹಾಯಕನಾಗಿ ಕೆಲಸ ಮಾಡಿದ್ದವನು, ಆ ನೆನಪು ಈ ಹಾಡಿನಲ್ಲಿದೆ. ಕೊನೆಗೆ ಹದಿನಾರು ಪಿಟೀಲು ಸ್ವರಕ್ಕೂ ಸ್ವರಕ್ಕೂ ನಡುವಿನ ಸಂದಿಗಳಲ್ಲಿ ನುಡಿಯುತ್ತವೆ, ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ. ಅವನು ಕಿರುಚುತ್ತಾನೆ. ಆಮೇಲೆ ಮೆಲ್ಲಗೆ, ತೊಟ್ಟಿಲಿಗೆ ಕಟ್ಟಿದ ಆಟಿಕೆಯ ಹಾಗೆ, 'ನೋ ಸರ್ಪ್ರೈಸಸ್' ಶುರುವಾಗುತ್ತದೆ. ಬ್ಯಾಂಡ್‌ನ ಇನ್ನೊಬ್ಬ ಗಿಟಾರ್ ವಾದಕ ಜಾನಿ ಗ್ರೀನ್‌ವುಡ್ ಬಾರಿಸುವ ಗ್ಲಾಕೆನ್‌ಶ್ಪೀಲ್ ಅದು, ಕಬ್ಬಿಣದ ಪಟ್ಟಿಗಳ ಜಲತರಂಗ ಅಂದುಕೊಳ್ಳಿ. ಕುಕ್ಕರ್ ಜಾಹೀರಾತಿನ ಹಿಂದೆ ಅದು ಬಂದರೆ ಮುದ್ದಾದ ಒಂದು ಮಕ್ಕಳ ಹಾಡು. ಆ ಕಿರುಚಾಟದ ಹಿಂದೆ ಬಂದರೆ ಜ್ವರ ಬಿಟ್ಟಾಗ ಬೆವರುತ್ತೀವಲ್ಲ, ಹಾಗಿರುತ್ತದೆ.

ಅಮೆರಿಕದ ಕ್ಯಾಪಿಟಲ್ ಕಂಪನಿ ಈ ಆಲ್ಬಮ್ ಬಿಡುಗಡೆ ಮಾಡುವಾಗ ಪತ್ರಿಕೆಯವರಿಗೆ ಕ್ಯಾಸೆಟ್ ಪ್ಲೇಯರ್‌ಗಳನ್ನೇ ಕಳಿಸಿತ್ತು. ಒಳಗೆ ಈ ಕ್ಯಾಸೆಟ್, ಮುಚ್ಚಳಕ್ಕೆ ಅಂಟು. ತೆಗೆಯುವ ಹಾಗೇ ಇಲ್ಲ, ಬೇರೆ ಏನೂ ಹಾಕುವ ಹಾಗಿಲ್ಲ. ನಿಮಗೂ ಒಂದು ಬೇಕಿತ್ತು. ಅದೇ ಕಂಪನಿಗೆ ಈ ಆಲ್ಬಮ್ ಮೇಲೆ ನಂಬಿಕೆ ಇರಲಿಲ್ಲ ಅನ್ನುವುದು ತಮಾಷೆ. ಕೇಳಿ ನೋಡಿ, ಇದು ವ್ಯಾಪಾರ ಆಗಲ್ಲ ಅಂತ 20 ಲಕ್ಷ ಪ್ರತಿಗಳ ಅಂದಾಜನ್ನು 5 ಲಕ್ಷಕ್ಕೆ ಇಳಿಸಿದ್ದರು. ಇಂಗ್ಲೆಂಡಿನಲ್ಲಿ ನೇರ ಮೊದಲ ಸ್ಥಾನಕ್ಕೆ ಹೋಯಿತು. 1998ರಲ್ಲಿ ಅತ್ಯುತ್ತಮ ಆಲ್ಟರ್ನೇಟಿವ್ ಆಲ್ಬಮ್ ಅಂತ ಗ್ರ್ಯಾಮಿಯೂ ಬಂತು.

ಆಲ್ಟರ್ನೇಟಿವ್ ಪ್ರಶ್ನೆಗೆ ಚಿಕ್ಕ ಉತ್ತರ: 80ರ ದಶಕದಲ್ಲಿ ದೊಡ್ಡ ಕಂಪನಿ, ದೊಡ್ಡ ರೇಡಿಯೊ ಎರಡರ ಕಣ್ಣಿಗೂ ಬೀಳದ ಬ್ಯಾಂಡ್‌ಗಳು ಚಿಕ್ಕ ಲೇಬಲ್‌ಗಳಲ್ಲಿ, ಕಾಲೇಜು ರೇಡಿಯೊಗಳಲ್ಲಿ ಬದುಕುತ್ತಿದ್ದವು. ಅವಕ್ಕೆ ಇಟ್ಟ ಹೆಸರು ಅದು. 1991ರಲ್ಲಿ ನಿರ್ವಾಣ ಬ್ಯಾಂಡ್ ಸಿಡಿದ ಮೇಲೆ ಪರ್ಯಾಯವೇ ಮುಖ್ಯರಸ್ತೆ ಆಗಿಹೋಯಿತು, ಹೆಸರು ಮಾತ್ರ ಉಳಿಯಿತು. ನಮ್ಮ ಕಡೆ ಹೊಸ ಬಸ್ ಸ್ಟ್ಯಾಂಡ್ ಅಂತ ನಲವತ್ತು ವರ್ಷದಿಂದ ಕರೆಯುತ್ತಾರಲ್ಲ, ಹಾಗೆ.

ತಕಿಟತೋಂ:

ನಾನು ಮೃದಂಗ ಕಲಿಯುತ್ತಿದ್ದೇನೆ, ಆರು ವರ್ಷ ಆಯಿತು, ಇನ್ನೂ ವೇದಿಕೆ ಹತ್ತುವ ಧೈರ್ಯ ಇಲ್ಲ. 'ಲೆಟ್ ಡೌನ್' ಕೇಳಿ ಗಂಟಲು ಯಾಕೆ ಕಟ್ಟಿತು ಅಂತ ಕೇಳಿದಿರಿ. ಪೂರ್ತಿ ಕಾರಣ ನನಗೂ ಗೊತ್ತಿಲ್ಲ, ಒಂದು ಎಳೆ ಮಾತ್ರ ಹಿಡಿದಿದ್ದೇನೆ.

ಶುರುವಿನಲ್ಲಿ ಬರುವ ಗಿಟಾರ್ ಕೇಳಿ. ಅದು ಐದರ ಲೆಕ್ಕ. 'ತಕ ತಕಿಟ, ತಕ ತಕಿಟ' ಅಂತ ಬಾಯಲ್ಲಿ ಹೇಳುತ್ತಾ ಹೋಗಿ. ಉಳಿದವರು ನಾಲ್ಕರಲ್ಲಿದ್ದಾರೆ, ತೊಡೆ ತಟ್ಟಿದರೆ 'ತಕದಿಮಿ' ಸಿಗುತ್ತದೆ. ಹಾಗಾಗಿ ಗಿಟಾರ್ ಪ್ರತಿ ಸಲವೂ ಬೇರೆ ಜಾಗದಲ್ಲಿ ಬಂದು ಬೀಳುತ್ತದೆ. ಇಪ್ಪತ್ತು ಎಣಿಸಿದ ಮೇಲೆ ತಾನೇ ಎರಡೂ ಸಮಕ್ಕೆ ಬರಬೇಕಾದ್ದು? ಅಲ್ಲಿಯವರೆಗೆ ಕಿವಿಗೆ ನೆಲ ಸಿಕ್ಕಿದ ಹಾಗೂ ಇರುತ್ತದೆ, ಸಿಗದ ಹಾಗೂ ಇರುತ್ತದೆ. ನಮ್ಮ ಮೇಷ್ಟ್ರು ಇಂಥ ಲೆಕ್ಕ ಮಾಡಿ ಕೊನೆಗೆ ಮುಕ್ತಾಯದಲ್ಲಿ ಸಭೆಯ ಕೈಗೆ ಚಪ್ಪಾಳೆ ಹಾಕಿಸುತ್ತಾರೆ. ಇವರು ಚಪ್ಪಾಳೆ ಕೇಳುವುದಿಲ್ಲ. ಲೆಕ್ಕ ಇದೆ ಅಂತಲೇ ಗೊತ್ತಾಗದ ಹಾಗೆ ಗಂಟೆ ಸದ್ದಿನಂತೆ ತೇಲಿಬಿಟ್ಟಿದ್ದಾರೆ. ನನಗೆ ಅದೇ ಜಾಸ್ತಿ ಹಿಡಿಸಿತು.

ಕೊನೆಯ ಭಾಗದಲ್ಲಿ ಯಾರ್ಕ್‌ನ ಎರಡು ದನಿ ಒಂದರ ಮೇಲೊಂದು ಬರುತ್ತವೆ. ಮೇಲಿನ ದನಿಯನ್ನು ಮಾತ್ರ ಹಿಡಿದುಕೊಂಡು ಹೋಗಿ ಒಮ್ಮೆ. ಬಸ್ಸಿನಲ್ಲಿ ಬೇಡ, ಕಣ್ಣೀರು ಬಂದರೆ ಕಂಡಕ್ಟರ್‌ಗೆ ಏನು ಹೇಳುತ್ತೀರಿ.

ಎರಡನೆಯ ಹಾಡು 'ಪ್ಯಾರನಾಯ್ಡ್ ಆಂಡ್ರಾಯ್ಡ್' ಕೂಡ ಲೆಕ್ಕದವರಿಗೆ ಹಬ್ಬ. ಆರೂ ಚಿಲ್ಲರೆ ನಿಮಿಷ, ನಡುವೆ ಏಳರ ನಡೆ ಬಂದು ಹೋಗುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ನಿಧಾನವಾಗಿ ದೇವಸ್ಥಾನದಲ್ಲಿ ಭಜನೆ ನಡೆಯುತ್ತಿದೆಯೇನೋ ಅನ್ನಿಸುತ್ತದೆ. ಹೆಸರು ಕೇಳಿ ಫೋನ್ ಬಗ್ಗೆ ಹಾಡು ಅಂದುಕೊಂಡಿದ್ದೆ. 1997ರಲ್ಲಿ ಆ ಫೋನ್ ಎಲ್ಲಿತ್ತು!

ಕಡಲೆಪುರಿ:

ಎಲ್ಲರೂ ಸೇರಿ ಹುಡುಗನನ್ನು ಹೆದರಿಸುತ್ತಿದ್ದೀರಿ. ಹಿಡಿಸಲಿಲ್ಲ ಅಂದರೆ ಹಿಡಿಸಲಿಲ್ಲ. ತಪ್ಪೇನಿದೆ?

ನಾನು ಇಪ್ಪತ್ತು ವರ್ಷದಿಂದ ಇದನ್ನು ಕೇಳುತ್ತಿದ್ದೇನೆ, ನನ್ನ ಲೆಕ್ಕದಲ್ಲಿ ಇದು ಒಳ್ಳೆಯ ಆಲ್ಬಮ್, ಆದರೆ ದೇವರಲ್ಲ. 'ಎಲೆಕ್ಷನಿಯರಿಂಗ್' ಆ ಜಾಗದಲ್ಲಿ ಯಾಕಿದೆ ಅಂತ ಬಿ_ಸೈಡ್ ಎಷ್ಟು ವಾದ ಮಾಡಿದರೂ ಅದು ಸಾಧಾರಣ ಹಾಡು. ಯಂತ್ರದ ಮಾತು ಒಂದು ಸಲ ಸರಿ, ಐವತ್ತನೆಯ ಸಲ ಕೇಳಬೇಕಾ? ಇನ್ನು ಆ ಅಳುಬುರುಕ ದನಿ. ಅದು ಕೆಲವರಿಗೆ ಬೆಲ್ಲ, ಕೆಲವರಿಗೆ ಹಾಗಲಕಾಯಿ, ಅದನ್ನು ವಾದ ಮಾಡಿ ಬದಲಿಸಲು ಆಗಲ್ಲ. ನೀವು ಅದೇ ಬ್ಯಾಂಡ್‌ನ 1995ರ 'ದ ಬೆಂಡ್ಸ್' ಕೇಳಿ. ಗಿಟಾರ್ ಗಿಟಾರ್ ಥರ ಇದೆ, ಹಾಡು ಹಾಡಿನ ಥರ ಇದೆ. ಅಲ್ಲಿಂದ ಇಲ್ಲಿಗೆ ಬಂದರೆ ದಾರಿ ಕಾಣುತ್ತದೆ. ನೇರವಾಗಿ ಇಲ್ಲಿ ಇಳಿದರೆ ರಾತ್ರಿ ಎರಡು ಗಂಟೆಗೆ ಗೊತ್ತಿಲ್ಲದ ಊರಿನಲ್ಲಿ ಬಸ್ ಇಳಿದ ಹಾಗೆ.

ಒಂದು ಒಪ್ಪುತ್ತೇನೆ. 'ಲಕ್ಕಿ'. ಬೋಸ್ನಿಯಾ ಯುದ್ಧದಲ್ಲಿ ಸಿಕ್ಕಿಬಿದ್ದ ಮಕ್ಕಳಿಗೆ ದುಡ್ಡು ಕೂಡಿಸುವ ಒಂದು ಆಲ್ಬಮ್‌ಗೆ ಅಂತ 1995ರ ಸೆಪ್ಟೆಂಬರ್‌ನಲ್ಲಿ ಐದು ಗಂಟೆಯಲ್ಲಿ ಮಾಡಿ ಮುಗಿಸಿದ್ದು. ಉಳಿದ ಹಾಡುಗಳಿಗೆ ತಿಂಗಳುಗಟ್ಟಲೆ ತಿಣುಕಿದರು. ನನಗೆ ಕೇಳಿದರೆ ಆ ಐದು ಗಂಟೆಯ ಹಾಡೇ ಎಲ್ಲಕ್ಕಿಂತ ಮೇಲೆ. ಶುರುವಿನಲ್ಲಿ ಬರುವ ಆ ಚಿರ್ ಚಿರ್ ಸದ್ದು, ಗಿಟಾರ್‌ನ ತಂತಿಯನ್ನು ಬಾರಿಸುವ ಕಡೆ ಅಲ್ಲ, ಮೇಲೆ ಬಿರಡೆಯ ಹತ್ತಿರ ಸವರಿದರೆ ಬರುವಂಥದ್ದು. ಕೈಲಿ ಗಿಟಾರ್ ಇದ್ದರೆ ಮಾಡಿ ನೋಡಿ, ಮನೆಯವರು ಬೈದರೆ ನಾನು ಜವಾಬ್ದಾರನಲ್ಲ.

ಬಿ_ಸೈಡ್:

@ಕಡಲೆಪುರಿ, 'ದ ಬೆಂಡ್ಸ್' ಮೊದಲು ಅನ್ನುವುದನ್ನು ಒಪ್ಪುತ್ತೇನೆ. 'ಎಲೆಕ್ಷನಿಯರಿಂಗ್' ವಿಷಯಕ್ಕೆ ಬರಬೇಡಿ, ಹಿಂದೆಯೂ ಇಲ್ಲೇ ಜಗಳ ಆಗಿತ್ತು.

ರೆಡಿಂಗ್_ರೊಟ್ಟಿ:

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ, ಊರು ಧಾರವಾಡ. ಕೆಲಸಕ್ಕೆ ಅಂತ ರೆಡಿಂಗ್‌ನಿಂದ ಆಕ್ಸ್‌ಫರ್ಡ್‌ಗೆ ವಾರದಲ್ಲಿ ಎರಡು ದಿನ ರೈಲಿನಲ್ಲಿ ಹೋಗುತ್ತೇನೆ. ದಾರಿಯಲ್ಲಿ ಡಿಡ್‌ಕಾಟ್ ಬರುತ್ತದೆ. ಈ ಆಲ್ಬಮ್ ಶುರುವಾಗಿದ್ದು ಆ ಊರಿನ ಹತ್ತಿರದ ಒಂದು ಸೇಬಿನ ಶೆಡ್‌ನಲ್ಲಿ. ರೇಡಿಯೊಹೆಡ್‌ನವರು ಇಲ್ಲಿಯ ಹುಡುಗರೇ, ಐದೂ ಜನ ಪಕ್ಕದ ಅಬಿಂಗ್ಡನ್‌ನಲ್ಲಿ ಒಂದೇ ಶಾಲೆಯಲ್ಲಿ ಓದಿದವರು.

ಮೊದಲ ಸಲ ಆ ಸ್ಟೇಷನ್ ಬಂದಾಗ ಕಿಟಕಿಗೆ ಮೂಗು ಹಚ್ಚಿ ನೋಡಿದೆ. ಪಾರ್ಕಿಂಗ್ ಜಾಗ, ಗೋದಾಮುಗಳು, ಒದ್ದೆ ಹೊಲ. ಅಷ್ಟೇ. ಮೊದಲು ಇಲ್ಲಿ ವಿದ್ಯುತ್ ಸ್ಥಾವರದ ದೊಡ್ಡ ಕೂಲಿಂಗ್ ಟವರ್‌ಗಳಿದ್ದವು, ಮೂರನ್ನು 2014ರಲ್ಲಿ, ಉಳಿದ ಮೂರನ್ನು 2019ರಲ್ಲಿ ಕೆಡವಿದರು. ಆಮೇಲೆ 'ಏರ್‌ಬ್ಯಾಗ್' ಹಾಕಿಕೊಂಡು ಇದೇ ದಾರಿಯಲ್ಲಿ ಹೋಗಿ ನೋಡಿದೆ, ಅದು ಆಲ್ಬಮ್‌ನ ಮೊದಲ ಹಾಡು. ಅಪಘಾತದಿಂದ ಪಾರಾದವನ ಹಾಡು. ಫಿಲ್ ಸೆಲ್ವೆ ಹದಿನೈದು ನಿಮಿಷ ಡ್ರಮ್ ಬಾರಿಸಿದ್ದನ್ನು ಕಂಪ್ಯೂಟರ್‌ಗೆ ಹಾಕಿ, ಕೆಲವೇ ಸೆಕೆಂಡಿನ ತುಂಡು ಕತ್ತರಿಸಿ ಸುತ್ತಿಸಿದ್ದಾರೆ. ಬಾಸ್ ಗಿಟಾರ್ ಮಾತಿನ ನಡುವೆ ಉಸಿರು ತೆಗೆದುಕೊಳ್ಳುವವನ ಹಾಗೆ ಬರುತ್ತದೆ, ನಿಲ್ಲುತ್ತದೆ, ಬರುತ್ತದೆ. ರೈಲು ಸಿಗ್ನಲ್‌ಗೆ ನಿಂತಾಗ ಬಾಸ್ ಕೂಡ ನಿಂತಿತು. ಕಾಕತಾಳೀಯ ಅಷ್ಟೇ, ಆದರೂ ಮೈ ಜುಮ್ ಅಂದಿತು.

ಆ ಶೆಡ್‌ನಲ್ಲಿ ನಾಲ್ಕು ಹಾಡು ಹತ್ತಿರ ಹತ್ತಿರ ಮುಗಿಸಿದರು. ಅಲ್ಲಿ ಊಟಕ್ಕೆ ವ್ಯವಸ್ಥೆ ಇಲ್ಲ, ಪಾಯಿಖಾನೆ ಇಲ್ಲ ಅಂತ ಜಾನಿ ದೂರುತ್ತಿದ್ದ. ಮನೆ ಹತ್ತಿರ ಬೇರೆ, ಕೆಲಸ ಬಿಟ್ಟು ಮನೆಗೆ ಓಡುವ ಆಸೆ. ನಡುವೆ ಗಾಯಕಿ ಅಲಾನಿಸ್ ಮಾರಿಸೆಟ್ ಪ್ರವಾಸದಲ್ಲಿ ಮೊದಲ ಸರದಿಯವರಾಗಿ ಅಮೆರಿಕ ಸುತ್ತಿದರು, 'ಪ್ಯಾರನಾಯ್ಡ್ ಆಂಡ್ರಾಯ್ಡ್' ಅನ್ನು ಅಲ್ಲಿಯ ಜನರ ಮೇಲೆ ಪ್ರಯೋಗ ಮಾಡಿದರು. ಆಗ ಅದಕ್ಕೆ ಕೊನೆಯಲ್ಲಿ ಮುಗಿಯದ ಒಂದು ಆರ್ಗನ್ ಬಾಲ ಇತ್ತಂತೆ. ಪುಣ್ಯಕ್ಕೆ ಕತ್ತರಿಸಿದರು.

ವಾಪಸ್ ಬಂದು ಬಾತ್ ಅನ್ನುವ ಊರಿನ ಹತ್ತಿರ ಸೇಂಟ್ ಕ್ಯಾಥರೀನ್ಸ್ ಕೋರ್ಟ್ ಅನ್ನುವ ಹಳೆಯ ಬಂಗಲೆ ಹಿಡಿದರು. ಆಗ ಅದು ನಟಿ ಜೇನ್ ಸೀಮೋರ್ ಅವರದಾಗಿತ್ತು. ಸ್ಟುಡಿಯೊ ಅಲ್ಲ, ಮನೆ. ನಿಮ್ಮನ್ನು ಬೆಚ್ಚಿಸಿದ ಆ ಪಿಸುಗುಡುವ ಹಾಡು 'ಎಕ್ಸಿಟ್ ಮ್ಯೂಸಿಕ್' ಇರಬೇಕು. 1996ರ 'ರೋಮಿಯೊ + ಜೂಲಿಯೆಟ್' ಸಿನಿಮಾದ ಕೊನೆಯ ಹೆಸರುಗಳ ಜೊತೆ ಬರುವುದಕ್ಕೆ ಮಾಡಿದ್ದು. ಅದರ ದನಿಯನ್ನು ಆ ಮನೆಯ ಕಲ್ಲಿನ ಮೆಟ್ಟಿಲ ಮೇಲೆ ರೆಕಾರ್ಡ್ ಮಾಡಿದ್ದಾರೆ. ಆ ಗುಂಯ್ ಅನ್ನುವ ಮೊಳಗು ಯಂತ್ರದ್ದಲ್ಲ, ಗೋಡೆಯದು. ನಮ್ಮ ಕಡೆ ಹಳೆಯ ಗುಡಿಯ ಒಳಗೆ ಒಂದು 'ಓಂ' ಅಂದರೆ ಹೇಗಿರುತ್ತದೆ, ಹಾಗೆ. ಮೂರನೆಯ ನಿಮಿಷದ ಹತ್ತಿರ ಡ್ರಮ್ ಬರುತ್ತದೆ. ಅದಕ್ಕೂ ಮೊದಲು ವಾಲ್ಯೂಮ್ ಮುಟ್ಟಬೇಡಿ, ಇದೊಂದೇ ನನ್ನ ಸಲಹೆ. 'ಲೆಟ್ ಡೌನ್' ಅದೇ ಮನೆಯ ನೃತ್ಯದ ಹಾಲ್‌ನಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ನುಡಿಸಿದ್ದು. ನನಗಂತೂ ಅದು ಕೇಳಿಸುತ್ತದೆ. ಮೂರು ಗಂಟೆಗೆ ಎಚ್ಚರ ಇರುವವರ ಸುಸ್ತು ಬೇರೆ ಥರ ಇರುತ್ತದೆ.

ಇನ್ನೊಂದು, 'ನೋ ಸರ್ಪ್ರೈಸಸ್' ವಾದ್ಯಗಳನ್ನು ಸ್ವಲ್ಪ ವೇಗವಾಗಿ ನುಡಿಸಿ, ಟೇಪನ್ನು ನಿಧಾನ ಮಾಡಿ, ಆ ಮೇಲೆ ಯಾರ್ಕ್ ಹಾಡಿದ್ದಾನೆ. ಎಲ್ಲ ನೀರೊಳಗೆ ಇದ್ದ ಹಾಗೆ ಇದೆಯಲ್ಲ, ಅದಕ್ಕೇ.

ತಕಿಟತೋಂ:

ಇದು ಗೊತ್ತಿರಲಿಲ್ಲ. ಶ್ರುತಿಯೂ ಇಳಿಯುತ್ತದಲ್ಲ ಹಾಗೆ ಮಾಡಿದರೆ! ಅದಕ್ಕೇ ನನ್ನ ತಂಬೂರಿ ಆ್ಯಪ್‌ಗೆ ಸೇರಿಸಿ ನೋಡೋಣ ಅಂತ ಹೋದಾಗ ಗೊಂದಲ ಆಗಿದ್ದು ಅನ್ನಿಸುತ್ತದೆ, ಇಲ್ಲ ನನ್ನ ಕಿವಿಯೇ ಸರಿ ಇಲ್ಲ.

ಅಂದಹಾಗೆ ಜಾನಿ ಗ್ರೀನ್‌ವುಡ್ ನಮ್ಮ ದೇಶಕ್ಕೂ ಬಂದು ರೆಕಾರ್ಡ್ ಮಾಡಿದ್ದಾನೆ. 2015ರ 'ಜುನೂನ್' ಆಲ್ಬಮ್. ಇಸ್ರೇಲಿನ ಸಂಗೀತಗಾರ ಶಾಯ್ ಬೆನ್ ಟ್ಸೂರ್ ಮತ್ತು ರಾಜಸ್ಥಾನದ ಕಲಾವಿದರ ಜೊತೆ, ಜೋಧಪುರದ ಮೆಹ್ರಾನ್‌ಗಢ ಕೋಟೆಯೊಳಗೆ. ಧ್ವನಿ ಕೆಲಸಕ್ಕೆ ಅದೇ ನೈಜೆಲ್ ಗಾಡ್ರಿಚ್, 'ಓಕೆ ಕಂಪ್ಯೂಟರ್' ಮಾಡಿದವನು. ಇವರಿಗೆ ಕಲ್ಲಿನ ಗೋಡೆ ಇದ್ದರೆ ಸಾಕು ಅಂತ ಕಾಣುತ್ತದೆ. ಹುಣಸೆಮರ ಅವರೇ, ರಾಕ್ ಒಗ್ಗದಿದ್ದರೆ ಅದನ್ನು ಕೇಳಿ, ಕವ್ವಾಲಿ, ತುತ್ತೂರಿ ಎಲ್ಲ ಇದೆ.

ಹುಣಸೆಮರ:

ವಾಪಸ್ ಬಂದೆ. ಹನ್ನೊಂದು ದಿನ ಆಯಿತು, ಕ್ಷಮಿಸಿ.

ತಂಗಿ ಅವಳ ಅಕೌಂಟ್‌ಗೆ ದುಡ್ಡು ಕಟ್ಟಿದ್ದಾಳೆ, ಅದನ್ನು ಕೇಳಿ ಪಡೆದೆ. ಬದಲಿಗೆ ಒಂದು ವಾರ ಅವಳ ಸ್ಕೂಟರ್ ತೊಳೆಯಬೇಕು ಅಂತ ಒಪ್ಪಂದ. ಶನಿವಾರ ರಾತ್ರಿ ತಾರಸಿ ಮೇಲೆ ಚಾಪೆ ಹಾಕಿ ಮಲಗಿ, ಮೊದಲಿನಿಂದ ಕೊನೆಯವರೆಗೆ, ಫೋನ್ ಮಗುಚಿ ಹಾಕಿ ಕೇಳಿದೆ. ಆರನೆಯ ಹಾಡಿನ ಕೊನೆಯ ಸದ್ದು ಬರುವ ಹೊತ್ತಿಗೆ ಎದ್ದು ಕೂತಿದ್ದೆ. ಯಂತ್ರ ಮಾತಾಡಲು ಶುರು ಮಾಡಿದಾಗ ನಗು ಬಂತು, ಅರ್ಧಕ್ಕೆ ನಗು ನಿಂತಿತು. ಅದು ಹೇಳುವ ಪಟ್ಟಿಯಲ್ಲಿ ಅರ್ಧ ನಮ್ಮ ಆಫೀಸಿನಿಂದ ಪ್ರತಿ ಸೋಮವಾರ ಬರುವ ಮೇಲ್‌ನಲ್ಲಿ ಇರುತ್ತದೆ.

'ಕ್ಲೈಂಬಿಂಗ್ ಅಪ್ ದ ವಾಲ್ಸ್' ಇನ್ನೂ ಹಿಡಿಸಿಲ್ಲ. ಹೆದರಿಕೆ ಆಯಿತು ಅಂತ ಒಪ್ಪಿಕೊಳ್ಳುತ್ತೇನೆ, ಪಕ್ಕದ ನೀರಿನ ಟ್ಯಾಂಕಿನ ಕಡೆ ಎರಡು ಸಲ ನೋಡಿದೆ. ಆದರೆ ಅದರ ಹಿಂದೆ ಆ ತೊಟ್ಟಿಲ ಹಾಡು ಬಂತಲ್ಲ, ಬಿ_ಸೈಡ್ ಹೇಳಿದ್ದು ಆಗ ಗೊತ್ತಾಯಿತು. 'ಲಕ್ಕಿ' ಚೆನ್ನಾಗಿದೆ. 'ಎಲೆಕ್ಷನಿಯರಿಂಗ್' ಬಗ್ಗೆ ನಾನು ಬಾಯಿ ಬಿಡುವುದಿಲ್ಲ. 'ಲೆಟ್ ಡೌನ್'ಗೆ ತಕ ತಕಿಟ ಹೇಳಲು ಹೋಗಿ ಮೂರನೆಯ ಸುತ್ತಿಗೇ ತಪ್ಪಿದೆ, ಆಮೇಲೆ ಸುಮ್ನೆ ಕೇಳಿದೆ. ರೀಲ್‌ನಲ್ಲಿ ಬಂದಿದ್ದು ಹಾಡಿನ ಕೊನೆಯ ತುಣುಕು ಅಂತ ಈಗ ಗೊತ್ತಾಯಿತು. ಅಲ್ಲಿಗೆ ಬರುವುದಕ್ಕೆ ಮೂರೂವರೆ ನಿಮಿಷ ಕಾಯಬೇಕು. ಕಾದು ಬಂದಾಗ ಬೇರೆಯೇ.

ಒಂದು ಅನುಮಾನ ಉಳಿದಿದೆ. ಕೊನೆಯ ಹಾಡು 'ದ ಟೂರಿಸ್ಟ್' ನಿಧಾನಕ್ಕೆ ಹೋಗಿ ಹೋಗಿ, ಎಲ್ಲ ವಾದ್ಯ ಒಂದೊಂದೇ ಬಿಟ್ಟುಹೋಗಿ, ಕಟ್ಟಕಡೆಗೆ ಒಂದೇ ಒಂದು ಸಲ 'ಟಿಂಗ್' ಅನ್ನುತ್ತದೆ. ಮುಗಿಯಿತು. ಅದು ಹಾಡಿನಲ್ಲೇ ಇದೆಯಾ? ಭಾನುವಾರ ಸ್ಪೀಕರ್‌ನಲ್ಲಿ ಹಾಕಿದ್ದೆ, ಆ ಟಿಂಗ್ ಕೇಳಿ ಅಮ್ಮ ಹೋಗಿ ಮೈಕ್ರೋವೇವ್ ಬಾಗಿಲು ತೆಗೆದು ನೋಡಿದಳು.

ಬಿ_ಸೈಡ್:

ಹಾಡಿನಲ್ಲೇ ಇದೆ. ನಮ್ಮ ಹಾಸ್ಟೆಲ್‌ನಲ್ಲಿ ಅದಕ್ಕೆ ಊಟದ ಬೆಲ್ ಅನ್ನುತ್ತಿದ್ದೆವು. ಒಳಗೆ ಏನಾದರೂ ಇತ್ತಾ?

ಹುಣಸೆಮರ:

ನಿನ್ನೆಯ ಪಲ್ಯ. ಬಿಸಿ ಮಾಡಿ ಕೊಟ್ಟಳು.